ಮುತ್ತಜ್ಜ ತೋಡಿದ ಬಾವಿ

ನನ್ನ ಹೆಂಡತಿ ನನ್ನನ್ನು ‘ಮುಕ್ಕಾಲು’ ಎಂದು ಕರೆಯುತ್ತಾಳೆ. ಎದುರಿಗಲ್ಲ, ಫೋನಿನಲ್ಲಿ, ತನ್ನ ತಂಗಿಯ ಹತ್ತಿರ, ನನಗೆ ಕೇಳಿಸುವಷ್ಟು ಮೆಲ್ಲಗೆ. ನಾನು ಹಿಡಿದ ಯಾವ ಕೆಲಸವೂ ಮುಕ್ಕಾಲು ಪಾಲು ದಾಟುವುದಿಲ್ಲ ಎಂಬುದು ಆರೋಪ. ಅಡುಗೆಮನೆಯ ಗೋಡೆಗೆ ಬಳಿದ ಬಣ್ಣ ಕಿಟಕಿಯವರೆಗೆ ಬಂದು ನಿಂತಿರುವುದು ನಿಜ. ಪುಸ್ತಕದ ಕಪಾಟಿಗೆ ಒಂದೇ ಬಾಗಿಲಿರುವುದೂ ನಿಜ. (ಅದರಿಂದ ಪುಸ್ತಕ ಬೇಗ ಕೈಗೆ ಸಿಗುತ್ತದೆ. ಇದನ್ನು ಯಾರೂ ಗಮನಿಸುವುದಿಲ್ಲ.)

ಇಂಥ ಹೊತ್ತಿನಲ್ಲಿ ನನ್ನ ನೆರವಿಗೆ ಬರುವವನು ಮುತ್ತಜ್ಜ. ಕೆಳಗೆ ಬಂಡೆ ಇದೆ, ನೀರಿಲ್ಲ ಎಂದು ಊರಿಗೆ ಊರೇ ಗುದ್ದಲಿ ಎಸೆದು ಹೋದಾಗ, ಒಬ್ಬನೇ ಬಾವಿ ತೋಡಿ, ನೀರು ಬಂದ ಮೇಲಷ್ಟೇ ಮೇಲೆ ಬಂದ ಮಹಾಪುರುಷ. ಚಿಕ್ಕಂದಿನಲ್ಲಿ ರಜೆಗೆ ಹೋದಾಗಲೆಲ್ಲ ಅಪ್ಪನ ಅಕ್ಕ, ನಮ್ಮ ದೊಡ್ಡತ್ತೆ, ಈ ಕಥೆಯನ್ನು ನನಗೆ ಹೇಳುತ್ತಿದ್ದರು.

“ಹಿಡಿದದ್ದನ್ನ ಬಿಡೋ ವಂಶ ಅಲ್ಲ ನಮ್ಮದು,” ಎಂದೆ ಒಂದು ದಿನ.

“ಆ ನೀರು ನಿಮ್ಮ ತನಕ ಹರಿದು ಬಂದಿಲ್ಲ ಬಿಡಿ,” ಎಂದಳು.

ಇದು ಮರ್ಯಾದೆಯ ಪ್ರಶ್ನೆ. ವಿಮಾ ಕಂಪನಿಯಲ್ಲಿ ಪರಿಹಾರದ ಅರ್ಜಿ ಪರಿಶೀಲಿಸುವವನು ನಾನು. ಅಂಗಡಿ ಸುಟ್ಟು ಬೂದಿಯಾದವರನ್ನೂ ‘ಬೆಂಕಿಗೆ ಸಾಕ್ಷಿ ಏನು?’ ಎಂದು ಕೇಳುತ್ತೇನೆ. ಮುತ್ತಜ್ಜನಿಗೂ ಸಾಕ್ಷಿ ಒದಗಿಸಿ, ವಂಶವೃಕ್ಷ ಬರೆದು, ಚೌಕಟ್ಟು ಹಾಕಿಸಿ, ಇವಳ ಬಾಯಿ ಮುಚ್ಚಿಸಲು ನಿರ್ಧರಿಸಿದೆ. ಊಟದ ಮೇಜಿನ ಮೇಲೆ ದೊಡ್ಡ ಹಾಳೆ ಹಾಸಿದೆ. ಮನೆಯವರೆಲ್ಲ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣತೊಡಗಿದರು. ಭಾನುವಾರ ಸಾಕ್ಷಿದಾರರನ್ನು ಕರೆಸಿದೆ: ಡ್ರೈವಿಂಗ್ ಶಾಲೆ ನಡೆಸುವ ಚಿಕ್ಕಪ್ಪನ ಮಗ, ನರ್ಸ್ ಆಗಿರುವ ದೊಡ್ಡಪ್ಪನ ಮಗಳು, ಅಂದರೆ ನಮ್ಮಕ್ಕ, ಮತ್ತು ಅವಳ ಜೊತೆ ದೊಡ್ಡತ್ತೆ.

“ಬಾವಿನಾ?” ಎಂದ ತಮ್ಮ. “ಮುತ್ತಜ್ಜ ಸಂತೇಲಿ ಬಟ್ಟೆ ಮಾರ್ತಿದ್ದ ಅಲ್ವಾ ಅಣ್ಣಾ? ಯಾರೋ ಕೆನ್ನೆಗೆ ಹೊಡೆದ್ರೆ, ಕೈ ನೋವಾಯ್ತೇನಪ್ಪಾ ಅಂತ ಅವನನ್ನೇ ಕೇಳಿದ್ನಂತೆ.”

“ಇಬ್ಬರಿಗೂ ತಲೆ ಕೆಟ್ಟಿದೆ,” ಎಂದಳು ಅಕ್ಕ. “ಅಂಚೆ ಚೀಲ ಹೊತ್ಕೊಂಡು ಕತ್ತಲಲ್ಲಿ ಕಾಡು ದಾಟ್ತಿದ್ದ. ದೀಪಾನೂ ಇಲ್ದೆ.”

ಹಾಳೆಯಲ್ಲಿ ಮುತ್ತಜ್ಜನಿಗೆ ಇದ್ದದ್ದು ಒಂದೇ ಚೌಕ. ಅದರಲ್ಲಿ ಮೂವರು ನಿಂತಂತಾಯಿತು. ಇಬ್ಬರಿಗೂ ಕಥೆ ಹೇಳಿದವರು ಯಾರೆಂದು ವಿಚಾರಿಸಿದೆ. ದೊಡ್ಡತ್ತೆ.

ಅವರು ಮೂಲೆಯಲ್ಲಿ ಕುಳಿತು ನನ್ನ ಹೆಂಡತಿಗೆ ಬೀನ್ಸಿನ ನಾರು ತೆಗೆದುಕೊಡುತ್ತಿದ್ದರು.

“ದೊಡ್ಡತ್ತೆ, ಮುತ್ತಜ್ಜ ಬಾವಿ ತೋಡಿದ್ದು ನಿಜ ತಾನೆ?”

“ಯಾರಿಗೆ ಹೇಳಿದ್ದೆ?”

“ನನಗೆ.”

“ಹಾಗಾದ್ರೆ ತೋಡಿದ್ದ.”

“ಮತ್ತೆ ಇವನಿಗೆ?”

“ಇವನು ಪಕ್ಕದ ಮನೆ ಹುಡುಗನ ಕಿವಿ ಕಚ್ಚಿ ಬಂದಿದ್ದ. ಇವನಿಗೆ ಬಾವಿ ಕಟ್ಕೊಂಡು ಏನಾಗ್ಬೇಕಿತ್ತು? ಇವಳು ಹಿತ್ತಲಿಗೆ ಹೋಗೋಕೆ ಮೂರು ಜನಾನ ಜೊತೆಗೆ ಕರೀತಿದ್ಳು.”

ತಮ್ಮ ಇವತ್ತು ಗೇರು ಹಾಕಲು ಬಾರದವರಿಗೂ ದನಿ ಏರಿಸದೆ ಕಲಿಸುತ್ತಾನೆ. ಅಕ್ಕನಿಗೆ ಸದಾ ರಾತ್ರಿ ಪಾಳಿ. ಎಲ್ಲರ ಕಣ್ಣು ನಿಧಾನವಾಗಿ ನನ್ನ ಕಡೆ ಹೊರಳಿತು.

“ಇವರು ಹೇಗಿದ್ರು ದೊಡ್ಡತ್ತೆ?” ಹೆಂಡತಿಯ ದನಿಯಲ್ಲಿ ಅಪಾರ ವಿನಯವಿತ್ತು.

“ಅರ್ಧ ಸ್ನಾನ ಮಾಡಿ ಬರ್ತಿದ್ದ ಕಣಮ್ಮ. ಒಂದು ಕಾಲಿಗೆ ಸೋಪು, ಇನ್ನೊಂದಕ್ಕಿಲ್ಲ. ಅವರಿಬ್ಬರಿಗೂ ಒಂದೇ ಸಲಕ್ಕೆ ನಾಟಿತು. ಇವನಿಗೆ ಪ್ರತಿ ರಜೇಲೂ ಹೇಳಿದೆ.”

“ಹಾಗಾದ್ರೆ ನಿಜವಾದ ಮುತ್ತಜ್ಜ ಏನು ಮಾಡ್ತಿದ್ದ?” ಎಂದೆ, ಇದ್ದ ಮಾನವನ್ನು ಒಟ್ಟುಗೂಡಿಸಿಕೊಂಡು.

“ನಾನೆಲ್ಲಿ ನೋಡಿದೀನಿ? ನಮ್ಮಪ್ಪ ನನಗೆ ಹೇಳಿದ್ದು ಒಂದೇ. ಅವನು ಜನ್ಮದಲ್ಲೇ ಒಂದು ಸುಳ್ಳೂ ಹೇಳಿದವನಲ್ವಂತೆ.”

ದೊಡ್ಡತ್ತೆ ಮುಂದಿನ ಬೀನ್ಸ್ ಮುರಿದರು. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ನನಗೂ ಒಂದು ಹೇಳಿದ್ರಿ,” ಎಂದಳು ಹೆಂಡತಿ. “ಮದುವೆಯಾದ ಹೊಸತರಲ್ಲಿ. ಮುತ್ತಜ್ಜಿ ಕಥೆ. ಗಂಡ ಬಿಟ್ಟ ಕೆಲಸಾನೆಲ್ಲ ತಾನೇ ಮುಗಿಸ್ತಿದ್ಳಂತೆ, ಒಂದು ಮಾತೂ ಆಡದೆ.”

ನಾನು ಅವಳನ್ನೇ ನೋಡಿದೆ. “ಅಂದ್ರೆ ಬಾವಿ ಸುಳ್ಳು ಅಂತ ನಿನಗೆ ಮೊದಲಿಂದ ಗೊತ್ತಿತ್ತಾ?”

“ಅನುಮಾನ ಇತ್ತು. ನಿಮಗೆ ಅವನ ಮೇಲೆ ಅಷ್ಟು ಪ್ರೀತಿ. ಇದ್ದ ಒಬ್ಬ ಮುತ್ತಜ್ಜನನ್ನೂ ಯಾಕೆ ಕಿತ್ಕೊಳ್ಳಲಿ ಅಂತ ಬಿಟ್ಟೆ.” ಸ್ವಲ್ಪ ತಡೆದು ಸೇರಿಸಿದಳು, “ಕೆಲಸ ಮುಗಿಸೋದು ಕಲಿತಿದ್ದೀನಿ ದೊಡ್ಡತ್ತೆ. ಮಾತಾಡದೇ ಇರೋದು ಇನ್ನೂ ಬಂದಿಲ್ಲ.”

“ಅದು ಮುತ್ತಜ್ಜಿಗೂ ಬಂದಿರಲಿಲ್ಲ ಬಿಡು,” ಎಂದರು ದೊಡ್ಡತ್ತೆ.

ಹೆಂಡತಿ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ಅಕ್ಕನನ್ನು ಕೇಳಿ ಕೇಳಿ ಉಳಿದ ಚೌಕಗಳನ್ನು ತುಂಬತೊಡಗಿದಳು. ನಾನು ಕೈ ಕಟ್ಟಿಕೊಂಡು ನಿಂತಿದ್ದೆ. ದೊಡ್ಡತ್ತೆ ನನ್ನ ತೋಳು ಹಿಡಿದು ಹತ್ತಿರ ಎಳೆದುಕೊಂಡರು.

“ಕೇಳು ಮಗಾ. ಹೆಂಡತಿ ಕೆಲಸದಲ್ಲಿ ಮುಳುಗಿದ್ರೆ ಮುತ್ತಜ್ಜ ತಾನೇ ಒಳಗೆ ಹೋಗಿ ಎಲ್ಲರಿಗೂ ಟೀ ಮಾಡಿ ತರ್ತಿದ್ದ. ಆಮೇಲೆ ಲೋಟಾನೂ ತೊಳೆದಿಡ್ತಿದ್ದ.”

ಹಸಿ ಸುಳ್ಳೆಂದು ಗೊತ್ತಿತ್ತು. ಆದರೂ ಒಳಗೆ ಹೋಗಿ ಟೀ ಮಾಡಿದೆ. ನನ್ನ ಮುತ್ತಜ್ಜ ಹೇಗೆ ಮಾಡುತ್ತಿದ್ದನೋ ಹಾಗೆಯೇ. ಲೋಟಗಳನ್ನೂ ತೊಳೆದಿಟ್ಟೆ, ಒಂದನ್ನು ಬಿಟ್ಟು. (ದೊಡ್ಡತ್ತೆ ಇನ್ನೂ ಕುಡಿಯುತ್ತಿದ್ದರು. ಅದು ನನ್ನ ತಪ್ಪಲ್ಲ.)