ಪರೀಕ್ಷೆಗೆ ಹೋದ ಝುಮಕಿ

ರಜೆ ಹಾಕಿ ಪುಣ್ಯ ಕಟ್ಟಿಕೊಳ್ಳಲು ಹೋದಾಗಲೆಲ್ಲ ನನಗೆ ಹೀಗೇ ಏನಾದರೊಂದು ಆಗುತ್ತದೆ. ಈ ಸಲ ಕಣ್ಣು ಕಾಣದ ಹುಡುಗಿಯೊಬ್ಬಳಿಗೆ ಪರೀಕ್ಷೆ ಬರೆದುಕೊಡಲು ಹೋಗಿದ್ದೆ. ಮುಂಬಯಿಯ ಆಂಟಾಪ್ ಹಿಲ್‌ನವಳು, ಮನೆಮಾತು ವಿಜಯಪುರದ ಕನ್ನಡ. ಬಿ.ಎ.ಯ ಇಂಗ್ಲಿಷ್ ಪೇಪರೊಂದು ಉಳಿದಿತ್ತು. ಪಾಸಾದರೆ ಲಾ ಕಾಲೇಜು, ಇಲ್ಲದಿದ್ದರೆ ಒಂದು ವರ್ಷ ಹೋಯಿತು.

೧. ಅರ್ಹತೆ

ಕಾಲೇಜಿನ ಆಫೀಸಿನಲ್ಲಿ ಕೇಳಿದರು, "ಇಂಗ್ಲಿಷ್ ಸಾಹಿತ್ಯ ಓದಿದ್ದೀರಾ?"

"ಇಲ್ಲ, ಬಿ.ಕಾಂ."

"ಕಾದಂಬರಿ ಗೀದಂಬರಿ?"

"ಊಹೂಂ."

"ವೆರಿ ಗುಡ್!" ಎಂದು ಸೀಲು ಹೊಡೆದರು. ಬರೆಯುವವರಿಗೆ ವಿಷಯ ಗೊತ್ತಿರಬಾರದಂತೆ. ನನ್ನ ಅಜ್ಞಾನವನ್ನು ಯಾರೂ ಇಷ್ಟು ಮೆಚ್ಚಿದ್ದಿಲ್ಲ.

೨. ಸಪ್ಪಳ

ಚೆಂಬೂರಿನ ನಮ್ಮ ಮನೆಯಲ್ಲಿ ಅಭ್ಯಾಸಕ್ಕೆ ಕೂತೆವು. "ಫುಲ್‌ಸ್ಟಾಪ್ ಹಾಕಿದ್ರೇನ್ರಿ ಅಕ್ಕಾರ?" ಎಂದಳು. ತಲೆಯಾಡಿಸಿದೆ. ಆಮೇಲೆ ನಾಲಿಗೆ ಕಚ್ಚಿಕೊಂಡೆ.

"ಹಾಕೀರಿ. ಮುಂದ ಬರೀರಿ."

"ನಿನಗೆ ಹೇಗೆ ಗೊತ್ತಾಯಿತು?"

"ನಿಮ್ಮ ಝುಮಕಿ ನಿಮಗಿಂತ ಜಾಸ್ತಿ ಮಾತಾಡ್ತಾವ್ರಿ."

೩. ಉದಾಹರಣೆ

ಪರೀಕ್ಷೆಯ ಕೋಣೆಯಲ್ಲಿ ನಾವಿಬ್ಬರು, ಒಬ್ಬ ಸೂಪರ್‌ವೈಸರು. ಅವಳ ಹೆಸರು, ಅವಳಿಗೆ ನೀರು ಬೇಕೇ ಎಂಬುದು, ಎಲ್ಲವನ್ನೂ ಅವರು ನನ್ನನ್ನೇ ಕೇಳಿದರು. "ಇನ್ ಕಾ ನಾಮ್ ಕ್ಯಾ ಹೈ? ಇನ್ ಕೋ ಪಾನಿ ಚಾಹಿಯೇ?"

"ಚಾಹಿಯೇ" ಎಂದಳು ಹುಡುಗಿ. ಅವರು ನೀರು ತಂದು ನನ್ನ ಕೈಗೆ ಕೊಟ್ಟರು.

ಕೊನೆಯ ಪ್ರಶ್ನೆ: 'ಬ್ಲೈಂಡ್' ಎಂಬ ಪದದ ಮೂಲ ಮತ್ತು ಅರ್ಥಗಳನ್ನು ಉದಾಹರಣೆ ಸಹಿತ ಬರೆಯಿರಿ.

"ನಮ್ಮ ಮನಿ ಪ್ರಶ್ನಿನೇ ಬಂತಲ್ರಿ ಅಕ್ಕಾರ!" ಎಂದು ನಕ್ಕಳು. ನಾನೂ ನಕ್ಕೆ, ಝುಮಕಿ ಝಣ್ ಎಂದಿತು. ಸನ್ನೆ ಮಾಡಿದೆನೆಂದುಕೊಂಡು ಸೂಪರ್‌ವೈಸರು ಓಡಿ ಬಂದರು. "ಇಶಾರಾ? ಫಿರ್ ಸೇ ಕುಛ್ ಹುವಾ ತೋ ಪೇಪರ್ ಕ್ಯಾನ್ಸಲ್!"

ಝುಮಕಿ ಬಿಚ್ಚಿ ಅವರ ಮೇಜಿನ ಮೇಲಿಟ್ಟು ಬಂದೆ. ಹುಡುಗಿ ಇಂಗ್ಲಿಷಿನಲ್ಲಿ ಸರಾಗವಾಗಿ ಹೇಳತೊಡಗಿದಳು. ಪದದ ಬೇರಿನಲ್ಲಿ ಇರುವುದು ಮಬ್ಬು, ಗೊಂದಲ ಎನ್ನುತ್ತಾರೆ. ವಿಂಡೋ ಬ್ಲೈಂಡ್ ಅಂದರೆ ಕಿಟಕಿಗೆ ಹಾಕುವ ಪರದೆ. ಬ್ಲೈಂಡ್ ಲೇನ್‌ಗೆ ಉದಾಹರಣೆ, ಗೋಡೆಗೆ ಹೋಗಿ ಮುಗಿಯುವ ನಮ್ಮ ಚಾಳಿನ ಗಲ್ಲಿ. ಬ್ಲೈಂಡ್ ಡೇಟ್‌ಗೆ, ಮುಖ ನೋಡದೆ ಆದ ನಮ್ಮ ಅಪ್ಪ-ಅವ್ವನ ಮದುವೆ. ಎದುರಿಗೆ ಇದ್ದವರನ್ನು ಗಮನಿಸದವರಿಗೂ ಬ್ಲೈಂಡ್ ಎನ್ನುವುದುಂಟು. ಉದಾಹರಣೆ, ನನ್ನ ಹೆಸರನ್ನು ಪಕ್ಕದವರ ಹತ್ತಿರ ಕೇಳುವ ಇಂದಿನ ಸೂಪರ್‌ವೈಸರ್.

ನನ್ನ ಪೆನ್ನು ನಿಂತಿತು. ಆ ಪುಣ್ಯಾತ್ಮರು ನನ್ನ ಬೆನ್ನ ಹಿಂದೆಯೇ ನಿಂತು ಓದುತ್ತಿದ್ದರು. ಬಾಯಿಬಿಟ್ಟು ಹೇಳುವಂತಿಲ್ಲ, ಸನ್ನೆ ಮಾಡೋಣವೆಂದರೆ ಝುಮಕಿ ಮೇಜಿನ ಮೇಲೆ.

"ಯಾಕ ನಿಂತ್ರಿ ಅಕ್ಕಾರ? ಬರೀರಿ."

ಹೇಳಿದ್ದನ್ನು ಬರೆಯಲೇಬೇಕು ಎಂಬುದು ನಿಯಮ. ಬರೆದೆ. ಲಾ ಕಾಲೇಜಿನ ಬಾಗಿಲು ಮುಚ್ಚಿದ ಸದ್ದು ನನಗೆ ಕೇಳಿಸಿತು.

ಸೂಪರ್‌ವೈಸರು ಗಂಟಲು ಸರಿಮಾಡಿಕೊಂಡರು. ಹೋಗಿ ಝುಮಕಿ ತಂದು ನನ್ನ ಮುಂದಿಟ್ಟರು. ಆಮೇಲೆ ಅವಳ ಪಕ್ಕಕ್ಕೆ ಬಂದು ಬಗ್ಗಿ, "ಬೇಟಾ, ಆಪ್ ಕೋ ಪಾನಿ ಚಾಹಿಯೇ?" ಎಂದು ಲೋಟವನ್ನು ಅವಳ ಕೈಗೇ ಕೊಟ್ಟರು.

ಅವಳು ನಿಧಾನವಾಗಿ ಕುಡಿದು, ಬಾಯಿ ಒರೆಸಿಕೊಂಡು, ನನ್ನ ಕಡೆ ತಿರುಗಿದಳು.

"ಆ ಕಡೀ ಸಾಲು ಹೊಡದು ಹಾಕ್ರಿ ಅಕ್ಕಾರ. ಉದಾಹರಣಿ ಕೆಟ್ಟುಹೋತು."