ಒಂದು ಸೀಟಿಗೆ ನಿಲ್ಲದ ಬೋಗಿ

ಬೈಂದೂರು–ಕುಂದಾಪುರ ರಸ್ತೆಯ ಸರ್ವಿಸ್ ಬಸ್ಸಿನಲ್ಲಿ ಕಂಡಕ್ಟರಾಗಿ ನನ್ನ ಆಯುಷ್ಯದ ಮುಕ್ಕಾಲು ಪಾಲು ಫುಟ್‌ಬೋರ್ಡಿನ ಮೇಲೆಯೇ ಕಳೆಯಿತು. ಒಂದು ಸೀಟಿ ಊದಿದರೆ ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ಲೋಕದ ಸಕಲ ವಾಹನಗಳೂ ಈ ಕಾನೂನಿಗೆ ಒಳಪಟ್ಟಿವೆಯೆಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಹತ್ತನೇ ಕ್ಲಾಸಿನ ಪುಸ್ತಕದಲ್ಲೂ ಇದಕ್ಕೆ ವಿರುದ್ಧವಾದದ್ದು ಏನೂ ಇರಲಿಲ್ಲ.

ಇಂಥ ಕಂಡಕ್ಟರನಿಗೆ ದೇವರು ಕೊಟ್ಟ ಹೆಂಡತಿಗೆ ಬಸ್ಸು ಆಗುವುದಿಲ್ಲ. ಕಿರಿಮಂಜೇಶ್ವರದ ನಮ್ಮ ಮನೆಯಿಂದ ಹೊರಟರೆ ತ್ರಾಸಿ ಬರುವಷ್ಟರಲ್ಲಿ ಗಿರಿಜೆಯ ತಲೆ ಕಿಟಕಿಯ ಹೊರಗೆ. ರೈಲು ಮಾತ್ರ ಆಗುತ್ತದೆ. ಆದರೆ ನಾವು ಬೆಂಗಳೂರಿಗೆ ಹೋದದ್ದೆಲ್ಲ ರಾತ್ರಿ ಗಾಡಿಯಲ್ಲಿ.

"ಸುರಂಗದ ಒಳ್ಗೂ ಕಪ್ಪು, ಹೊರ್ಗೂ ಕಪ್ಪು. ಒಂದ್ ಸಲ ಆ ಘಾಟಿ ಹಗ್ಲಲ್ಲಿ ಕಾಣ್ಕ್ ಅಂದೇಳಿ ಆಸೆ," ಎಂದಳು ಒಂದು ದಿನ. "ಮಂಡಿ ಆಪರೇಷನ್ ಆದ್ ಮೇಲೆ ನಾನ್ ಎಲ್ಲಿಗೆ ಹೋಪುದ್?"

ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಜೀವಮಾನದಲ್ಲಿ ಅವಳು ನನ್ನಲ್ಲಿ ಕೇಳಿದ್ದೇ ಕಡಿಮೆ. ನಾನು ಎದೆ ತಟ್ಟಿ, "ನಾನಿದ್ದೆ ಅಲ್ದಾ?" ಎಂದೆ. ಅನರ್ಥ ಶುರುವಾದದ್ದು ಅಲ್ಲಿಂದ.

ಹಗಲು ಹೊತ್ತಿನಲ್ಲಿ ಆ ಘಾಟಿ ಹತ್ತುವ ಗಾಡಿಗಳು ಕಡಿಮೆ. ಸಿಕ್ಕಿದರೂ ಕಿಟಕಿ ಸೀಟು ಸಿಗುವುದಿಲ್ಲ. ಪೇಟೆಯ ಟೂರ್ ಏಜೆಂಟರೊಬ್ಬರು, "ಇಡೀ ಬೋಗಿಯನ್ನೇ ಹಿಡಿಯಿರಿ, ಗಾಡಿಯ ಬಾಲಕ್ಕೆ ಸೇರಿಸಿಕೊಡ್ತಾರೆ," ಎಂದರು. ನೆಂಟರು, ನೆರೆಕರೆಯವರೆಲ್ಲ ಸೇರಿ ಘಾಟಿಯ ಮೇಲಿನ ಸಕಲೇಶಪುರದವರೆಗೆ ಹಿಡಿದೆವು. ಸ್ವಂತ ಬೋಗಿ! ನಾನು ಹಳೆಯ ಚರ್ಮದ ಚೀಲವನ್ನು ಒರೆಸಿ ಹೆಗಲಿಗೆ ಹಾಕಿದೆ. ಸೀಟಿಯನ್ನು ಹುಣಸೆಹುಳಿಯಲ್ಲಿ ತಿಕ್ಕಿದೆ.

ಮಧ್ಯಾಹ್ನದ ಊಟ ಬ್ರಹ್ಮಾವರದಲ್ಲಿರುವ ಗಿರಿಜೆಯ ತಮ್ಮ ಸುಬ್ಬನ ಜವಾಬ್ದಾರಿ. ಕಡುಬು ಮತ್ತು ಕೋಳಿ ಸುಕ್ಕ. ಅವನ ಊರಿನ ಹತ್ತಿರ ಆ ಗಾಡಿ ನಿಲ್ಲುವುದಿಲ್ಲ, ಉಡುಪಿಗೆ ಬಂದು ಹತ್ತಬೇಕು.

"ಉಡುಪಿಗೆ ಎಂತಕೆ? ರೈಲ್ವೆ ಗೇಟಿನ್ ಹತ್ರ ನಿಂತ್ಕೋ, ಕೈ ಅಡ್ಡ ಹಾಕ್. ನಮ್ದೇ ಬೋಗಿ, ನಾನ್ ನಿಲ್ಸ್ತೆ," ಎಂದು ಫೋನಿನಲ್ಲಿ ಅಭಯ ಕೊಟ್ಟೆ.

ಬೈಂದೂರಿನಲ್ಲಿ ಬೋಗಿಯ ಬಾಗಿಲಲ್ಲಿ ನಿಂತು, "ಮುಂದೆ ಹೋಯ್ನಿ, ಮುಂದೆ ಹೋಯ್ನಿ," ಎಂದು ಕೂಗಿದೆ.

"ಇಡೀ ಬೋಗಿ ಖಾಲಿ ಇತ್ತಲ್ಲ ಮಾರಾಯ್ರೆ," ಎಂದಳು ಪಕ್ಕದ ಮನೆಯ ನಾಗಕ್ಕ. ಅವಳು ಮೀನು ಮಾರುವವಳು, ಮಾತಿಗೆ ತೂಕದ ಕಲ್ಲಿನಷ್ಟು ಭಾರ. "ಎಲ್ಲಿಗೆ ಮುಂದೆ ಹೋಪುದ್? ಇಂಜಿನ್ನಿಗಾ?"

ನಾನು ಅದನ್ನು ಕೇಳಿಸಿಕೊಳ್ಳದೆ ಎರಡು ಸೀಟಿ ಊದಿದೆ. ಗಾಡಿ ಹೊರಟಿತು. ಹೊರಡುವ ಹೊತ್ತೂ ಆಗಿತ್ತೆಂಬುದನ್ನು ನಾನು ಗಣನೆಗೆ ತೆಗೆದುಕೊಳ್ಳಲಿಲ್ಲ.

ನಾನು ಹೇಳಿದಂತೆ ಸುಬ್ಬ ಗೇಟಿನ ಹತ್ತಿರ ನಿಂತಿದ್ದ. ಎಡಬಲದಲ್ಲಿ ಎರಡು ದೊಡ್ಡ ಪಾತ್ರೆ. ಕೈ ಅಡ್ಡ ಹಾಕಿದ. ನಾನು ಉಸಿರು ಕಟ್ಟಿ ಒಂದು ಸೀಟಿ ಊದಿದೆ. ಇನ್ನೊಂದು ಊದಿದರೆ ಹೊರಡಲು ಹೇಳಿದಂತಾಗುತ್ತದೆಂದು ಊದಲಿಲ್ಲ. ಅಷ್ಟು ಶಿಸ್ತು ನನ್ನದು. ಸುಬ್ಬ, ಪಾತ್ರೆ, ಅದರೊಳಗಿನ ಕೋಳಿ, ಎಲ್ಲವೂ ಸಣ್ಣದಾಗುತ್ತಾ ಹೋಗಿ ಒಂದು ಚುಕ್ಕೆಯಾದವು.

ಕೂಡಲೇ ಫೋನು ಬಂತು. "ಭಾವ, ನಿಮ್ಗೆ ಟಾಟಾ ಮಾಡುಕೆ ನನ್ನ್ ಇಲ್ಲಿ ನಿಲ್ಸಿದ್ದಾ?"

"ಡ್ರೈವರ್ ಹೊಸಬ ಇರ್ಕ್ ಮಾರಾಯಾ," ಎಂದೆ.

ಅವನು ಪಾತ್ರೆಯ ಮುಚ್ಚಳ ಬಡಿದು ಹಾಕಿದ ಸದ್ದು ಕೇಳಿತು. ಆಮೇಲೆ, "ನಾನ್ ಓಮ್ನಿಯಲ್ಲಿ ಸೀದಾ ಸಕಲೇಶಪುರಕ್ಕೆ ಬತ್ತೆ. ಅಲ್ಲಿವರೆಗೆ ಸೀಟಿ ಊದ್ಕಂಡ್ ಇರಿ," ಎಂದು ಫೋನ್ ಇಟ್ಟ.

ಘಾಟಿಯ ಬುಡದ ಸ್ಟೇಷನ್ನಿಗೆ ಬರುವಾಗ ಎಲ್ಲರ ಹೊಟ್ಟೆಯೂ ನನ್ನ ಹೆಸರು ಹೇಳಿ ಕೂಗುತ್ತಿತ್ತು. ಬೋಗಿಯ ಜೊತೆ ಬಂದಿದ್ದ ಏಜೆಂಟರ ಕಡೆಯ ಶೇಖರಣ್ಣ ಒಳ್ಳೆಯ ಮಾತಿನಲ್ಲೇ ಹೇಳಿದರು: "ಇಲ್ಲಿ ನಮ್ಮ ಬೋಗಿ ಬಿಚ್ಚಿ ಘಾಟಿ ಹತ್ತುವ ಗಾಡಿಗೆ ಸೇರಿಸ್ತಾರೆ. ದೂರ ಹೋಗಬೇಡಿ ಆಯ್ತಾ?"

ನಾನು ನಕ್ಕೆ. ಕಂಡಕ್ಟರ್ ಚಾ ಕುಡಿಯದೆ ಹೊರಟ ಬಸ್ಸನ್ನು ನಮ್ಮ ಕಡೆ ಯಾರಾದರೂ ಕಂಡಿದ್ದಾರೆಯೇ? "ಎಲ್ರೂ ಇಳಿನಿ, ನಾನ್ ಹತ್ದೆ ಬೋಗಿ ಹೊರಡುದಿಲ್ಲ," ಎಂದು ಎಲ್ಲರನ್ನೂ ಹೊರಗಿನ ಹೋಟೆಲಿಗೆ ಕರೆದುಕೊಂಡು ಹೋದೆ. ಮಂಡಿ ನೋವಿನ ಗಿರಿಜೆ ಮಾತ್ರ ಇಳಿಯಲಿಲ್ಲ. ಅವಳ ಫೋನು ಭದ್ರವಾಗಿ ನನ್ನ ಚರ್ಮದ ಚೀಲದಲ್ಲಿತ್ತು.

ಎರಡನೇ ಪ್ಲೇಟ್ ಗೋಳಿಬಜೆ ಮುಗಿಯುತ್ತಾ ಬಂದಿತ್ತು. ಆಗ ಸ್ಟೇಷನ್ನಿನಿಂದ ಸೀಟಿಯ ಶಬ್ದ ಕೇಳಿತು. ನನ್ನ ಸೀಟಿ ನನ್ನ ಕಿಸೆಯಲ್ಲಿದೆ. ಆದ್ದರಿಂದ ಹೊರಟದ್ದು ನಮ್ಮ ಗಾಡಿಯಾಗಿರಲು ಸಾಧ್ಯವಿಲ್ಲ ಎಂದು ತೀರ್ಮಾನಿಸಿ ಚಟ್ನಿಗೆ ಕೈ ಹಾಕಿದೆ.

"ಹ್ವಾಯ್ ಕಂಡಕ್ಟರ್ರೆ," ಎಂದಳು ನಾಗಕ್ಕ, "ಆ ಹೋಪು ಬೋಗಿ ಕಿಟ್ಕಿಯಲ್ಲಿ ಕೂಕಂಡದ್ ನಿಮ್ಮ್ ಹೆಂಡ್ತಿ ಅಲ್ದಾ?"

ಓಡಿದೆ. ಪ್ಲಾಟ್‌ಫಾರ್ಮಿನ ತುದಿಯವರೆಗೆ ಸೀಟಿ ಊದುತ್ತಾ ಓಡಿದೆ. ಗಿರಿಜೆ ನನ್ನನ್ನು ಕಂಡು ಕೈ ಬೀಸಿದಳು. ಬೋಗಿ ತಿರುವಿನಲ್ಲಿ ಮರೆಯಾಯಿತು.

"ಇಲ್ಲಿ ಸೀಟಿ ಊದಿದ್ದು ಯಾರು?" ಎಂದು ರೈಲ್ವೆಯವರೊಬ್ಬರು ಬಂದರು. ಗಾಬರಿಯಲ್ಲಿ ಸೀಟಿಯನ್ನು ಬಾಯಿಂದ ತೆಗೆಯದೆಯೇ "ಗೊತ್ತಿಲ್ಲ" ಎಂದೆ. ಉತ್ತರದ ಜೊತೆ ಸೀಟಿಯೂ ಬಂತು.

ಅಲ್ಲಿಂದ ಮುಂದೆ ನನಗೆ ನಗು ಇರಲಿಲ್ಲ. ನೆಟ್ಟಗೆ ನಡೆಯಲಾಗದ ಹೆಂಗಸು, ಕೈಯಲ್ಲಿ ಫೋನಿಲ್ಲ, ಸುರಂಗದ ಕತ್ತಲೆ. ಎದೆ ತಟ್ಟಿಕೊಂಡ ಗಂಡ ಗೋಳಿಬಜೆ ತಿನ್ನುತ್ತಿದ್ದ. ಶೇಖರಣ್ಣ ಬೋಗಿಯಲ್ಲೇ ಇದ್ದಾರೆ, ಅದೊಂದು ಧೈರ್ಯ. ಆದರೆ ಅವರ ಫೋನಿಗೆ ಘಾಟಿಯಲ್ಲಿ ನೆಟ್‌ವರ್ಕ್ ಇಲ್ಲ. ಹುಡುಕಿ ಹುಡುಕಿ ಒಂದು ಟೆಂಪೊ ಹಿಡಿದು ರಸ್ತೆಯಲ್ಲಿ ಹೊರಟೆವು.

ನನ್ನ ಸರ್ವಿಸೆಲ್ಲ ಕಡಲ ಬದಿಯ ಸಪಾಟು ರಸ್ತೆಯಲ್ಲಿ ಆದದ್ದು. ಘಾಟಿಯ ಮೂರನೇ ತಿರುವಿಗೆ ಹೊಟ್ಟೆ ತೊಳೆಸಿತು. ನಾಗಕ್ಕ ಮಡಚಿಟ್ಟ ಪ್ಲಾಸ್ಟಿಕ್ ಚೀಲವೊಂದನ್ನು ಬಿಡಿಸಿ ಚಾಚಿದಳು.

"ತೊಟ್ಟೆ ಬೇಕಾ ಕಂಡಕ್ಟರ್ರೆ? ಹಿಂದೆ ಬಸ್ಸಲ್ಲಿ ನೀವೇ ಕೊಡ್ತಿದ್ರಿ, ಮುಖ ಗಂಟ್ ಹಾಕ್ಕಂಡ್."

ತೆಗೆದುಕೊಂಡೆ. ಗೋಳಿಬಜೆ ಎರಡು ಪ್ಲೇಟೂ ಹೋದವು. ಆಮೇಲೂ ಪ್ರತಿ ತಿರುವಿನಲ್ಲಿ ಟೆಂಪೊ ನನಗಾಗಿ ನಿಂತಿತು. ಸೀಟಿಯ ಅಗತ್ಯವೇ ಬೀಳಲಿಲ್ಲ.

ಸಕಲೇಶಪುರದ ಪ್ಲಾಟ್‌ಫಾರ್ಮಿಗೆ ಇಬ್ಬರ ಹೆಗಲು ಹಿಡಿದು ಬಂದೆ. ಬೆಂಚಿನ ಮೇಲೆ ಗಿರಿಜೆ, ಸುಬ್ಬ, ಶೇಖರಣ್ಣ ಸಾಲಾಗಿ ಕೂತು ಕಡುಬು ತಿನ್ನುತ್ತಿದ್ದರು. ಅವಳನ್ನು ಕಂಡಾಗ ನನ್ನ ಎದೆಯಿಂದ ಇಳಿದ ಭಾರವನ್ನು ತೂಗಲು ಯಾವ ತಕ್ಕಡಿಯೂ ಸಾಲದು. ನಾನು ನೆಲದ ಮೇಲೆಯೇ ಕೂತುಬಿಟ್ಟೆ.

"ತಪ್ಪಾಯ್ತ್ ಗಿರಿಜಾ," ಎಂದೆ. ಅಷ್ಟು ವರ್ಷದ ಸಂಸಾರದಲ್ಲಿ ಮೊದಲ ಸಲ. "ಹೆದ್ರಿಕೆ ಆಯ್ತಾ? ಚೈನ್ ಎಳೂಕಾಗ್ದಿತ್ತಾ?"

"ಎಂತಕೆ ಎಳುದ್? ಆಗ್ಳಿಕೆ ಘಾಟಿ ಶುರು ಆಯಿತ್ತ್," ಎಂದಳು. "ಸೇತ್ವೆ ಮೇಲೆ ಗಾಡಿ ನಿಧಾನ ಹೋತಿತ್ತ್. ಕೆಳ್ಗೆ ಕಂಡ್ರೆ ಮರದ ತಲೆ ಮಾತ್ರ. ಈ ಬದಿ ಕಂಡೆ, ಓಡಿ ಹೋಯಿ ಆ ಬದಿ ಕಂಡೆ. ಎಲ್ಲಾ ಕಿಟ್ಕಿಯೂ ನಂದೇ. ಮಂಡಿ ನೋವ್ ನೆನ್ಪೇ ಆಯಿಲ್ಲ." ಅವಳ ಕಣ್ಣು ಇನ್ನೂ ಬೆಟ್ಟದ ಮೇಲೆಯೇ ಇತ್ತು. ಆಮೇಲೆ ನನ್ನ ಕಡೆ ತಿರುಗಿತು. "ನೀವ್ ಇದ್ದಿದ್ರೆ ಬಾಗ್ಲಿಗೆ ಅಡ್ಡ ನಿಂತ್ಕಂಡ್ ಮುಂದೆ ಹೋಯ್ನಿ ಅಂತಿದ್ರಿ."

ಸುಬ್ಬ ನನಗೆ ಒಂದು ಕಡುಬು ಕೊಟ್ಟ. ಸುಕ್ಕ ಮುಗಿದಿತ್ತು.

ಆಪರೇಷನ್ ಆಯಿತು. ಗಿರಿಜೆ ಈಗ ಮಂಚದ ಮೇಲೆ ಕಾಲು ಚಾಚಿ ಕೂತು, ಬಂದವರಿಗೆಲ್ಲ ಘಾಟಿಯ ಕತೆ ಹೇಳುತ್ತಾಳೆ. ಮಂಡಿ ನೆಟ್ಟಗಾದ ಮೇಲೆ ಇನ್ನೊಮ್ಮೆ ಹೋಗಬೇಕಂತೆ. ನನಗೂ ಟಿಕೆಟ್ ಉಂಟು, ಘಾಟಿಯ ಬುಡದವರೆಗೆ.

ಸೀಟಿ ಅವಳ ದಿಂಬಿನ ಅಡಿಯಲ್ಲಿದೆ. ಒಂದು ಊದಿದರೆ ನಾನು ಎಲ್ಲಿದ್ದರೂ ನಿಲ್ಲುತ್ತೇನೆ. ಎರಡು ಊದಿದರೆ ಅಂಗಡಿಗೆ ಹೊರಡುತ್ತೇನೆ. ನನ್ನ ಕಾನೂನು ತಪ್ಪಲ್ಲ, ಮಾರಾಯ್ರೆ. ವಾಹನ ಯಾವುದೆಂಬುದು ಮಾತ್ರ ನನಗೆ ಇಷ್ಟು ದಿನ ಗೊತ್ತಿರಲಿಲ್ಲ.