ನಮ್ಮ ನಡುಮನೆ ಉದ್ದವಾದ ಬಗ್ಗೆ

ಮಾನ್ಯ ನಡುಮನೆಯವರೇ,

ತಮ್ಮ ಮೈಗೆ ಟೈಲ್ಸ್ ಹಾಸಿದವನೂ ಅಂದಿನಿಂದ ತಮ್ಮನ್ನು ತುಳಿದುಕೊಂಡೇ ಬದುಕಿರುವವನೂ ಆದ ನಾನು, ತಮ್ಮ ಮುಂದೆ ಮೊಣಕಾಲೂರಿ ನಮಸ್ಕರಿಸಿ ಅರಿಕೆ ಮಾಡಿಕೊಳ್ಳುತ್ತಿದ್ದೇನೆ. ಮೊಣಕಾಲೂರುವುದು ನನ್ನ ಕಸುಬೇ ಆದ್ದರಿಂದ ಇದನ್ನು ವಿಶೇಷ ಗೌರವವೆಂದು ತಿಳಿಯಬಾರದು.

ನನ್ನ ಹೆಂಡತಿಯ ಮೊಣಕಾಲಿನ ಆಪರೇಷನ್ ಆಗುವ ಮೊದಲು ಮಲಗುವ ಕೋಣೆಯಿಂದ ಅಡುಗೆಮನೆಯವರೆಗೆ ತಾವು ಎಷ್ಟು ಉದ್ದವಿದ್ದಿರೋ, ಟೇಪು ಹಿಡಿದು ನೋಡಿದರೆ ಇವತ್ತೂ ಅಷ್ಟೇ ಇದ್ದೀರಿ. ಆದರೆ ಅವಳು ಊರುಗೋಲು ಹಿಡಿದು ಹೊರಟರೆ ಮಾತ್ರ ಸದ್ದಿಲ್ಲದೆ ಬೆಳೆಯುತ್ತೀರಿ. ಅರ್ಧ ದಾರಿಯಲ್ಲೇ "ಆಗಲ್ಲ ಕಣ್ರೀ, ದೂರ" ಎಂದು ಅವಳು ಮಂಚಕ್ಕೆ ವಾಪಸಾಗುತ್ತಾಳೆ. ಈಗ ನಡೆಯದಿದ್ದರೆ ಕಾಲು ಹಾಗೇ ಬಿಗಿದುಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ನನಗೆ ಭಯವಾಗಿದೆ.

ನೆಲ ನೋಡಿಕೊಂಡು ದುಡಿಯುವವನಿಗೆ ವಿಶ್ವದ ಬಗ್ಗೆ ಯೋಚಿಸಲು ಬೇಕಾದಷ್ಟು ಪುರಸೊತ್ತು ಸಿಗುತ್ತದೆ. ಸ್ಥಳ, ಕಾಲ, ವಸ್ತು, ಶಕ್ತಿ ಈ ನಾಲ್ವರೂ ಒಂದೇ ಹೊದಿಕೆಯಡಿ ಮಲಗುವ ಅಣ್ಣತಮ್ಮಂದಿರು. ಒಬ್ಬ ಎಳೆದುಕೊಂಡರೆ ಇನ್ನೊಬ್ಬನ ಕಾಲು ಹೊರಗೆ. ನನ್ನವಳ ಶಕ್ತಿ ಮುದುಡಿದ ಕೂಡಲೇ ಸ್ಥಳವಾದ ತಾವು ಕಾಲು ಚಾಚಿದಿರಿ, ಕಾಲವೂ ತಮ್ಮ ಜೊತೆ ಮೈಮುರಿಯಿತು, ವಸ್ತುವಿನ ಭಾರ ಹೆಚ್ಚಿತು. ಈ ಕೊನೆಯ ಅಂಶವನ್ನು ಬುದ್ಧಿಯಿಲ್ಲದೆ ಅವಳೆದುರೇ ವಿವರಿಸಿದಾಗ "ನಿಮ್ಮ ಉಪ್ಪಿಲ್ಲದ ಅಡುಗೆ ತಿಂದು ಅರ್ಧ ಆಗಿದೀನಿ, ಭಾರ ಅಂತೀರಾ" ಎಂದು ಸಂಶೋಧನೆಯನ್ನು ಅಲ್ಲಿಗೇ ನಿಲ್ಲಿಸಿದಳು. ದೊಡ್ಡ ವಿಜ್ಞಾನಿಗಳು ಸ್ಥಳವೇ ಬಾಗುತ್ತದೆ ಎನ್ನುತ್ತಾರಂತೆ, ಬಹಳ ಸಂತೋಷ; ನಾನು ಹಾಸಿದ ನೆಲ ಒಂಚೂರು ಬಾಗಿದ್ದರೂ ಮನೆಯವರು ಕಿತ್ತು ಮತ್ತೆ ಹಾಕಿಸುತ್ತಾರೆ, ಇಷ್ಟು ದೊಡ್ಡ ವಿಶ್ವವನ್ನು ರಸಮಟ್ಟ ಇಟ್ಟು ನೋಡದೆ ಹಾಸಿದವರನ್ನು ಮಾತ್ರ ಕೇಳುವವರಿಲ್ಲ.

ಆದ್ದರಿಂದ ತಾವು ದಯವಿಟ್ಟು ಚಿಕ್ಕವರಾಗಬೇಕು. ಮಿಕ್ಕ ಉದ್ದವನ್ನು ಬಾಗಿಲಾಚೆ ಮೆಟ್ಟಿಲ ಬಳಿ ಇಟ್ಟುಕೊಳ್ಳಿ. ಸೈಕಲ್ ನಿಲ್ಲಿಸಲು ಜಾಗವಿಲ್ಲವೆಂದು ಪಕ್ಕದ ಮನೆಯವರು ಹೇಗೂ ಗೋಳಾಡುತ್ತಿದ್ದಾರೆ.

ಇದು ಆಗದ ಮಾತು ಎನ್ನಬೇಡಿ, ನಿನ್ನೆ ಬೆಳಿಗ್ಗೆ ತಾವೇ ಮಾಡಿ ತೋರಿಸಿದ್ದೀರಿ. ಒಲೆಯ ಮೇಲೆ ಹಾಲಿಟ್ಟು ಮರೆತು ತಮ್ಮನ್ನು ಅಳೆಯುತ್ತ ಬಗ್ಗಿದ್ದೆ. ಸೀದ ವಾಸನೆ ಬಂದದ್ದೇ ತಡ, ಅರ್ಧ ದಾರಿ ದಾಟಲಾರದವಳು ಮಂಚ ಬಿಟ್ಟು ದಡದಡನೆ ಬಂದು, ಊರುಗೋಲನ್ನು ನೆಲಕ್ಕಿಂತ ಹೆಚ್ಚಾಗಿ ನನ್ನ ಬೆನ್ನಿಗೇ ಊರಿ, ತಮ್ಮನ್ನು ದಾಟಿ ಹೋಗಿ ಒಲೆ ಆರಿಸಿದಳು. ಸಿಟ್ಟೂ ಶಕ್ತಿಯೇ ಎಂದು ಯಾವ ಪುಸ್ತಕದಲ್ಲಿ ಬರೆದಿದ್ದಾರೋ ಗೊತ್ತಿಲ್ಲ. "ಹಾಲಿಟ್ಟು ನೆಲ ಅಳೀತಾ ಕೂತಿದೀರಲ್ಲ" ಎಂದು ಅವಳು ಅಡುಗೆಮನೆಯಲ್ಲಿ ನಿಂತು ಬೈಯುತ್ತಿದ್ದರೆ ನನಗೆ ಕಣ್ಣು ತುಂಬಿ ಬಂತು. ಆಮೇಲೆ ಕಾಲಿನ ನೆನಪಾಗಿ ಅವಳು ಗೋಡೆ ಹಿಡಿದಳು, ತಾವು ಮತ್ತೆ ಉದ್ದವಾದಿರಿ.

ದಿನವೂ ತಮ್ಮನ್ನು ಗುಡಿಸಿ ಒರೆಸುತ್ತಿರುವ,
ತಮ್ಮ ವಿಶ್ವಾಸಿ,
ಟೈಲ್ಸ್ ಮೇಸ್ತ್ರಿ

ವಿ.ಸೂ.: ಇವತ್ತೂ ಹಾಲಿಟ್ಟು ತಮ್ಮ ನಟ್ಟನಡುವೆ ಕೂತು ಇದನ್ನು ಬರೆಯುತ್ತಿದ್ದೇನೆ, ಈ ಸಲ ಮರೆತಿಲ್ಲ. ಸೀದ ವಾಸನೆ ಶುರುವಾಗಿದೆ, ಒಳಗೆ ಮಂಚ ಕಿರುಗುಟ್ಟಿತು. ಮಾನ್ಯರೇ, ಬೇಗ ಚಿಕ್ಕವರಾಗಿ. ನಾನು ಬೆನ್ನು ಬಗ್ಗಿಸಿ ಕಾದಿದ್ದೇನೆ.